‘ಏನಾಗುತ್ತೋ ಏನೋ’ ಅನ್ನುವವರಿಗೆ 14416: ಟೆಲಿ ಮಾನಸ್ ಸಹಾಯವಾಣಿಯ ವಿಮರ್ಶೆ

14416ಕ್ಕೆ ಕರೆ ಮಾಡಿ ‘ಎಲ್ಲ ಸರಿಹೋಗುತ್ತೆ ಅಲ್ವಾ?’ ಅಂತ ಕೇಳಿದರೆ ಸಿಗುವುದು ಹೆಚ್ಚೆಂದರೆ ಒಂದು ಸಂಜೆಯ ನೆಮ್ಮದಿ. ‘ಏನಾಗುತ್ತೆ ಅಂತ ಗೊತ್ತಿಲ್ಲದೆ ಇರೋಕೆ ನನಗೆ ಆಗ್ತಿಲ್ಲ, ಅದನ್ನ ಕಲೀಬೇಕು’ ಅಂತ ಕೇಳಿದರೆ ಅದೇ ಸೇವೆಯಿಂದ ತಿಂಗಳುಗಟ್ಟಲೆ ಕೈಹಿಡಿಯುವ ಅಭ್ಯಾಸ ಸಿಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಬಗ್ಗೆ ನಾವು ಹೇಳಬೇಕಾದ್ದೆಲ್ಲ ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲೇ ಇದೆ. ಆತಂಕದ ಆಪ್ತಸಮಾಲೋಚನೆ ನಮ್ಮ ದಿನನಿತ್ಯದ ಕೆಲಸ. ಈ ಸಹಾಯವಾಣಿಯನ್ನು ಹೇಗೆ ಬಳಸಿದರೆ ಫಲ, ಹೇಗೆ ಬಳಸಿದರೆ ತೊಡಕು ಅನ್ನುವುದನ್ನು ಬಿಡಿಸಿ ಹೇಳುವ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇವೆ.

ಮೊದಲು ಸೇವೆಯ ವಿವರ. ಕೇಂದ್ರ ಸರ್ಕಾರ 2022ರ ಬಜೆಟ್‌ನಲ್ಲಿ ಘೋಷಿಸಿ, ಅದೇ ವರ್ಷ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದ ಹೊತ್ತಿಗೆ ಶುರುಮಾಡಿದ ಯೋಜನೆ ಇದು. ಇಡೀ ದೇಶಕ್ಕೆ ಇದರ ನೋಡಲ್ ಕೇಂದ್ರ ಹೊಸೂರು ರಸ್ತೆಯ ನಮ್ಮ ನಿಮ್ಹಾನ್ಸ್. ತಂತ್ರಜ್ಞಾನದ ಹೊಣೆ ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ ಬೆಂಗಳೂರಿನದು. 14416 ಒತ್ತಿದರೂ ಸರಿ, 1800-891-4416 ಒತ್ತಿದರೂ ಸರಿ. ಕರೆ ಉಚಿತ, ದಿನದ 24 ಗಂಟೆಯೂ ತೆರೆದಿರುತ್ತದೆ. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತನಾಡಬಹುದು. ವ್ಯವಸ್ಥೆ ಎರಡು ಹಂತದ್ದು. ಮೊದಲು ಮಾತಿಗೆ ಸಿಗುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ಅವರಿಂದ ಆಗದ್ದಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ಎದುರಿಗೆ ಕೂತು ತೋರಿಸಿಕೊಳ್ಳಬೇಕಾದ್ದಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ದಾರಿ ಹೇಳುತ್ತಾರೆ.

ನಮ್ಮ ಲೆಕ್ಕದಲ್ಲಿ ಇದರ ಮೊದಲ ಹೆಚ್ಚುಗಾರಿಕೆ ಕನ್ನಡ. ‘ಆಂಗ್ಸೈಟಿ’ ಅಂದಕೂಡಲೇ ಅದೊಂದು ಕಾಯಿಲೆಯ ಹೆಸರಾಗಿ ಮಾತು ಅಲ್ಲಿಗೇ ನಿಂತುಬಿಡುತ್ತದೆ. ‘ಜೀವ ತಡೀತಿಲ್ಲ’, ‘ಹೊಟ್ಟೇಲಿ ಕಲಸಿದ ಹಾಗಾಗುತ್ತೆ’, ‘ಮನಸ್ಸು ಒಂದು ಕಡೆ ನಿಲ್ಲಲ್ಲ’ ಅಂದರೆ ಎಲ್ಲಿ, ಯಾವಾಗ, ಎಷ್ಟು ಹೊತ್ತು ಅನ್ನುವ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಒಳ್ಳೆಯ ಸಮಾಲೋಚನೆ ಶುರುವಾಗುವುದೇ ಅಲ್ಲಿಂದ.

ಇನ್ನು, ಯಾವ ತೊಂದರೆಗೆ ಈ ಸೇವೆ ಅನ್ನುವುದು. ಕೆಇಎ ಸೀಟು ಹಂಚಿಕೆಯ ಫಲಿತಾಂಶ ನಾಳೆ ಅಂತ ಗೊತ್ತಿದ್ದೂ ಇವತ್ತು ರಾತ್ರಿ ಹನ್ನೊಂದೂವರೆಗೆ ವೆಬ್‌ಸೈಟ್ ತೆರೆಯುವ ಅಪ್ಪ. ಸ್ಕ್ಯಾನಿಂಗ್ ರಿಪೋರ್ಟ್ ಸಂಜೆ ಐದಕ್ಕೆ ಅಂದಿದ್ದರೂ ಮೂರಕ್ಕೇ ಲ್ಯಾಬಿನ ಬೆಂಚಿನ ಮೇಲೆ ಕೂತ ಅತ್ತೆ. ಇಬ್ಬರನ್ನೂ ಕಾಡುತ್ತಿರುವುದು ಕೆಟ್ಟ ಸುದ್ದಿಯಲ್ಲ, ಅದು ಇನ್ನೂ ಬಂದೇ ಇಲ್ಲ. ಸುದ್ದಿಯೇ ಇಲ್ಲದ ಆ ಹೊತ್ತನ್ನು ತಾಳಿಕೊಳ್ಳಲಾಗದೆ ಒದ್ದಾಡುತ್ತಿದ್ದಾರೆ. ‘ಫೇಲಾದ್ರೂ ಪರವಾಗಿಲ್ಲ, ಗೊತ್ತಾಗಿಬಿಟ್ರೆ ಸಾಕು’ ಅನ್ನುವ ಮಾತು ಯಾವ ಮನೆಯಲ್ಲಿ ಕೇಳಿಲ್ಲ?

ಇದಕ್ಕೆ ಮನಶ್ಶಾಸ್ತ್ರದಲ್ಲಿ ‘ಅನಿಶ್ಚಿತತೆಯ ಅಸಹನೆ’ ಅಂತ ಹೆಸರು. ಕೆನಡಾದ ಕ್ವಿಬೆಕ್‌ನ ಲವಾಲ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಮಾರ್ಕ್ ಫ್ರೀಸ್ಟನ್, ಮಿಶೆಲ್ ದ್ಯುಗಾ, ರಾಬರ್ ಲಾದುಸರ್ ಮೊದಲಾದವರು ಇದರ ಮೇಲೆ ಕೆಲಸ ಮಾಡಿದರು. ಇದನ್ನು ಅಳೆಯಲು 1994ರಲ್ಲಿ 27 ವಾಕ್ಯಗಳ ಮಾಪನವೊಂದು ಬಂತು. 2007ರಲ್ಲಿ ಅದನ್ನು 12 ವಾಕ್ಯಗಳಿಗೆ ಇಳಿಸಿದರು. ಪ್ರತಿ ವಾಕ್ಯಕ್ಕೆ 1ರಿಂದ 5 ಅಂಕ, ಒಟ್ಟು 12ರಿಂದ 60. ಅಂಕಕ್ಕಿಂತ ನಮಗೆ ಮುಖ್ಯವಾದದ್ದು ಆ 12ರ ಒಳಗಿನ ಎರಡು ಗುಂಪು. ಏಳು ವಾಕ್ಯಗಳು ‘ಮುಂದೇನು ಅಂತ ಮೊದಲೇ ಗೊತ್ತಿರಬೇಕು’ ಅನ್ನುವ ಹಂಬಲದ ಬಗ್ಗೆ. ಉಳಿದ ಐದು, ಗೊತ್ತಿಲ್ಲ ಅನ್ನುವ ಕಾರಣಕ್ಕೇ ಕೈಕಾಲು ಕಟ್ಟಿದಂತಾಗಿ ಏನೂ ಮಾಡಲಾಗದೆ ಕೂರುವುದರ ಬಗ್ಗೆ. ಮೊದಲ ಗುಂಪಿನವರು ದಿನಕ್ಕೆ ಮೂವತ್ತು ಸಲ ಫೋನ್ ನೋಡುತ್ತಾರೆ. ಎರಡನೆಯ ಗುಂಪಿನವರು ಅರ್ಜಿ ತುಂಬುವುದನ್ನೇ ಮುಂದೂಡುತ್ತಾರೆ. ಇಬ್ಬರಿಗೂ ಕೊಡಬೇಕಾದ ಅಭ್ಯಾಸ ಬೇರೆ ಬೇರೆ. ಹಾಗಾಗಿ ಕರೆ ಮಾಡುವ ಮುನ್ನ ನೀವು ಯಾವ ಕಡೆಯವರು ಅಂತ ಒಂದು ಅಂದಾಜು ಇದ್ದರೆ ಅರ್ಧ ಕೆಲಸ ಆದಂತೆಯೇ.

ಸಮಾಧಾನ ಕೇಳುವ ಚಟದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸಹಾಯವಾಣಿ ಹಾದಿ ತಪ್ಪುವುದು ಇಲ್ಲೇ.

ಆತಂಕ ಏರಿದಾಗ ಯಾರನ್ನೋ ಕೇಳುತ್ತೇವೆ. ಅವರು ‘ಏನೂ ಆಗಲ್ಲ ಬಿಡು’ ಅನ್ನುತ್ತಾರೆ. ಎದೆ ಹಗುರಾಗುತ್ತದೆ. ಆ ಹಗುರವೇ ಮುಂದಿನ ಸಲಕ್ಕೆ ಬಲೆ: ಕೇಳಿದ್ದರಿಂದಲೇ ಉಳಿದೆ ಅಂತ ಮನಸ್ಸು ಕಲಿತುಬಿಡುತ್ತದೆ. ಅರ್ಧ ಗಂಟೆಯಲ್ಲಿ ಹೊಸದೊಂದು ‘ಆದರೆ’ ಏಳುತ್ತದೆ. ‘ಆದರೆ ನಾನು ಅವರಿಗೆ ಪೂರ್ತಿ ಹೇಳಿಲ್ವಲ್ಲ’, ‘ಆದರೆ ಅವರೇನು ಡಾಕ್ಟರಾ?’ ಮತ್ತೆ ಇನ್ನೊಬ್ಬರನ್ನು ಕೇಳಬೇಕು. ಇದಕ್ಕೆ ಮನುಷ್ಯರೇ ಬೇಕಂತಿಲ್ಲ. ವಾಟ್ಸಾಪ್‌ನ ‘ಲಾಸ್ಟ್ ಸೀನ್’ ಸಾಕು, ರೋಗಲಕ್ಷಣ ಹಾಕಿ ಮಾಡುವ ಗೂಗಲ್ ಹುಡುಕಾಟ ಸಾಕು. ದೇವರ ಮುಂದೆ ಕೂತು ಹೂ ಕೇಳುವುದನ್ನೇ ತೆಗೆದುಕೊಳ್ಳಿ. ಒಮ್ಮೆ ಕೇಳಿ, ಬಲಗಡೆ ಬಿತ್ತೋ ಎಡಗಡೆ ಬಿತ್ತೋ ನೋಡಿ, ಪ್ರಸಾದ ಅಂತ ಕಣ್ಣಿಗೊತ್ತಿಕೊಂಡು ಎದ್ದುಬರುವುದು ಭಕ್ತಿ. ಅದರಲ್ಲಿ ನಮಗೆ ಯಾವ ತಕರಾರೂ ಇಲ್ಲ. ಎಡಗಡೆ ಬಿತ್ತು ಅಂತ ಎರಡನೇ ಸಲ, ಬಲಗಡೆ ಬಿದ್ದರೂ ‘ಗಾಳಿಗೆ ಬಿತ್ತೇನೋ’ ಅಂತ ಮೂರನೇ ಸಲ ಕೇಳಿದರೆ ಅಲ್ಲಿ ಪ್ರಶ್ನೆ ಹಾಕುತ್ತಿರುವುದು ಆತಂಕ.

14416 ಕೂಡ ಹೀಗೆ ಬಳಕೆಯಾಗಬಹುದು. ಯಾವ ಹೊತ್ತಿಗೂ ಸಿಗುತ್ತದೆ, ದುಡ್ಡಿಲ್ಲ, ಆ ಕಡೆಯವರು ತಾಳ್ಮೆಯಿಂದ ಕೇಳುತ್ತಾರೆ. ಬಿಕ್ಕಟ್ಟಿನಲ್ಲಿ ಇರುವವರಿಗೆ ಈ ಮೂರೂ ಜೀವ ಉಳಿಸುವ ಗುಣಗಳು. ಖಚಿತ ಉತ್ತರದ ಬೆನ್ನು ಹತ್ತಿದವರಿಗೆ ಇದೇ ಮೂರು ಗುಣಗಳಿಂದ ಚಟ ಹತ್ತಬಹುದು. ಆದ್ದರಿಂದ ಕರೆಗೆ ತಯಾರಿ ಬೇಕು.

ಕರೆಗೆ ಮುನ್ನ

ಅರ್ಧ ಹಾಳೆ ಸಾಕು, ನಾಲ್ಕು ಸಾಲು ಬರೆಯಿರಿ. ನನಗೆ ಏನು ಗೊತ್ತಿಲ್ಲ. ಅದು ಯಾವತ್ತು ಗೊತ್ತಾಗುತ್ತೆ. ಗೊತ್ತುಮಾಡಿಕೊಳ್ಳಲು ನಾನು ದಿನಕ್ಕೆ ಏನೇನು, ಎಷ್ಟೆಷ್ಟು ಸಲ ಮಾಡುತ್ತಿದ್ದೇನೆ. ಇದರಿಂದಾಗಿ ಯಾವ ಕೆಲಸ ನಿಂತುಹೋಗಿದೆ.

ತುಂಬಿದ ಹಾಳೆ ಹೀಗಿರಬಹುದು: ‘ನಮ್ಮ ಟೀಮ್ ಉಳಿಯುತ್ತೋ ಇಲ್ವೋ ಗೊತ್ತಿಲ್ಲ. ತಿಂಗಳ ಕೊನೆಗೆ ಹೇಳ್ತಾರಂತೆ. ದಿನಕ್ಕೆ ಇಪ್ಪತ್ತು ಸಲ ಮೇಲ್ ನೋಡ್ತೀನಿ, ನಾಲ್ಕು ಜನಕ್ಕೆ ಮೆಸೇಜ್ ಮಾಡ್ತೀನಿ, ಊಟದ ಹೊತ್ತಲ್ಲೂ ಇದೇ ಮಾತು. ಮಗಳ ಜೊತೆ ಕೂತು ಹೋಮ್‌ವರ್ಕ್ ಮಾಡಿಸಿ ಎರಡು ವಾರ ಆಯ್ತು.’

ಎರಡನೇ ಸಾಲನ್ನು ತುಂಬುವಾಗ ಹುಷಾರು. ಕೆಲವದಕ್ಕೆ ದಿನಾಂಕ ಇರುತ್ತದೆ: ರಿಪೋರ್ಟ್, ಫಲಿತಾಂಶ, ಇಂಟರ್‌ವ್ಯೂ. ಕೆಲವದಕ್ಕೆ ಎಂದೂ ಇರುವುದಿಲ್ಲ: ಈ ಮದುವೆ ಸರಿಹೋಗುತ್ತಾ, ನನಗೆ ಅಪ್ಪನ ಕಾಯಿಲೆ ಬರುತ್ತಾ, ಮಗ ನೆಟ್ಟಗಾಗ್ತಾನಾ. ದಿನಾಂಕ ಇರುವಂಥದ್ದಕ್ಕೆ ಕಾಯುವ ಅಭ್ಯಾಸ ಸಾಕು. ಇಲ್ಲದಂಥದ್ದಕ್ಕೆ, ಪ್ರಶ್ನೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬದುಕು ನಡೆಸುವ ಅಭ್ಯಾಸ ಬೇಕು. ಇವೆರಡನ್ನೂ ಒಂದೇ ಕರೆಯಲ್ಲಿ ತುರುಕಬೇಡಿ.

ಮೂರನೇ ಸಾಲಿನಲ್ಲಿ ಸಂಖ್ಯೆ ಇರಲೇಬೇಕು. ‘ತುಂಬಾ ಸಲ ನೋಡ್ತೀನಿ’ ಅಂದರೆ ಆಪ್ತಸಮಾಲೋಚಕರಿಗೆ ಹಿಡಿತ ಸಿಗುವುದಿಲ್ಲ. ಎರಡು ದಿನ ಸುಮ್ಮನೆ ಎಣಿಸಿ, ಆಮೇಲೆ ಕರೆ ಮಾಡಿ.

ಇದರ ಜೊತೆಗೆ ನಿದ್ದೆ ಎಷ್ಟು ಗಂಟೆ, ಊಟ ಹೇಗಿದೆ, ಯಾವ ಮಾತ್ರೆ ನಡೆಯುತ್ತಿದೆ, ಥೈರಾಯ್ಡ್ ಪರೀಕ್ಷೆ ಆಗಿದೆಯಾ, ದಿನಕ್ಕೆ ಎಷ್ಟು ಲೋಟ ಕಾಫಿ ಅನ್ನುವುದೂ ಕೈಯಲ್ಲಿರಲಿ. ಥೈರಾಯ್ಡ್ ಹೆಚ್ಚಾದರೂ ಎದೆ ಡವಡವ ಅನ್ನುತ್ತದೆ, ಸ್ಟ್ರಾಂಗ್ ಫಿಲ್ಟರ್ ಕಾಫಿ ಐದಾರು ಲೋಟ ಇಳಿದರೂ ಅನ್ನುತ್ತದೆ. ಮನಸ್ಸಿನ ಲೆಕ್ಕಕ್ಕೆ ಬರೆಯುವ ಮೊದಲು ದೇಹದ ಲೆಕ್ಕ ನೋಡಿಬಿಡಬೇಕು.

ಜಾಗದ್ದೂ ಒಂದು ಸಮಸ್ಯೆ. ಮೂವರು ಹಂಚಿಕೊಂಡ ಪಿಜಿ ರೂಮಿನಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬಾಯಿಬಿಟ್ಟು ಮಾತನಾಡುವುದು ಕಷ್ಟ. ಟೆರೇಸು, ನಿಲ್ಲಿಸಿದ ಕಾರು, ಕಬ್ಬನ್ ಪಾರ್ಕಿನ ಒಂದು ಬೆಂಚು, ಎಲ್ಲಾದರೂ ಸರಿ. ಇಯರ್‌ಫೋನ್ ಇರಲಿ, ಚಾರ್ಜ್ ಇರಲಿ, ಅರ್ಧ ಗಂಟೆ ಯಾರೂ ಕರೆಯದ ಹೊತ್ತಾಗಿರಲಿ. ಬಸ್ಸಿನಲ್ಲಿ ಕೂತು ಮಾಡುವ ಕರೆ ಇದಲ್ಲ.

ಕರೆಯ ಹೊತ್ತಿನಲ್ಲಿ

ಕರೆ ಹೋದಕೂಡಲೇ ಧ್ವನಿಮುದ್ರಿತ ಸೂಚನೆ ಬರುತ್ತದೆ, ಭಾಷೆ ಆರಿಸಬೇಕು. ಆಪ್ತಸಮಾಲೋಚಕರು ಸಿಕ್ಕಮೇಲೆ ಮೊದಲು ಅವರು ಕೇಳುವ ವಿವರಗಳಿಗೆ ಉತ್ತರ ಕೊಡಿ. ಸಾಯುವ ಯೋಚನೆ ಬಂದಿದೆಯಾ ಅಂತ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಈ ಕೆಲಸ ಬಲ್ಲವರು ಅದನ್ನು ಕೇಳಲೇಬೇಕು, ನೀವು ಇದ್ದದ್ದನ್ನು ಇದ್ದಂತೆ ಹೇಳಬೇಕು. ಆಮೇಲೆ ಹಾಳೆಯ ನಾಲ್ಕು ಸಾಲು ಓದಿ. ಓದಿ ಮುಗಿಸಿ ಇಷ್ಟು ಹೇಳಿ: ‘ನನಗೆ ಉತ್ತರ ಬೇಡ ಮೇಡಂ. ಮೂರನೇ ಸಾಲಿನಲ್ಲಿರೋದನ್ನ ಕಡಿಮೆ ಮಾಡೋಕೆ ಈ ವಾರ ಏನು ಮಾಡ್ಬೇಕು, ಒಂದೇ ಒಂದು ಹೇಳಿ.’

ಹೀಗೆ ಕೇಳಿದಾಗ ಮಾತಿನ ದಿಕ್ಕೇ ಬದಲಾಗುತ್ತದೆ. ಟೀಮ್ ಉಳಿಯುತ್ತೋ ಇಲ್ಲವೋ ಅನ್ನುವುದು ಆ ಕಡೆಯವರಿಗೂ ಗೊತ್ತಿಲ್ಲ. ದಿನಕ್ಕೆ ಇಪ್ಪತ್ತು ಸಲ ಮೇಲ್ ನೋಡುವುದನ್ನು ಆರಕ್ಕೆ ಇಳಿಸುವ ದಾರಿ ಅವರಿಗೆ ಗೊತ್ತಿದೆ.

ಕರೆ ಚೆನ್ನಾಗಿ ಆಯಿತು ಅಂತ ತಿಳಿಯುವುದು ಹೇಗೆ? ಫೋನ್ ಇಟ್ಟಾಗ ಎದೆ ಹಗುರಾಗಿದೆಯಾ ಅಂತ ನೋಡಬೇಡಿ, ಅದು ನಂಬಲಾಗದ ಅಳತೆ. ಬರೆದುಕೊಂಡ ಕೆಲಸ ಒಂದು ಇದೆಯಾ, ಅದನ್ನು ಯಾವ ದಿನ ಯಾವ ಹೊತ್ತಿಗೆ ಮಾಡಬೇಕು ಅಂತ ಇದೆಯಾ, ಮುಂದಿನ ಕರೆ ಯಾವತ್ತು ಅಂತ ಇದೆಯಾ, ಇದನ್ನು ನೋಡಿ. ಮುಂದಿನ ಕರೆಗೆ ಒಂದು ವಾರ ಬಿಡುವು ಇರಲಿ. ನಡುವೆ ಇದೇ ವಿಷಯಕ್ಕೆ ಮಾಡುವ ಪ್ರತಿ ಕರೆಯೂ ಮೂರನೇ ಸಾಲಿಗೆ ಸೇರುತ್ತದೆ. ಇನ್ನೊಂದು ಸಂಗತಿ: ಮರಳಿ ಕರೆ ಮಾಡಿದಾಗ ಬೇರೆಯವರು ಸಿಗಬಹುದು. ಫೋನ್ ಇಡುವ ಮುನ್ನ, ಮತ್ತೆ ಕರೆ ಮಾಡಿದಾಗ ಹಿಂದಿನ ಮಾತನ್ನು ಹೇಗೆ ಮುಂದುವರಿಸಬೇಕು ಅಂತ ಕೇಳಿಟ್ಟುಕೊಳ್ಳಿ. ಅರ್ಧ ಹಾಳೆ ಇದಕ್ಕೂ ನೆರವಾಗುತ್ತದೆ, ಹೊಸಬರಿಗೆ ಎರಡು ನಿಮಿಷದಲ್ಲಿ ಓದಿ ಹೇಳಬಹುದು.

ಎರಡು ಕರೆಗಳ ನಡುವಿನ ವಾರ

ಅಸಲು ಕೆಲಸ ಇಲ್ಲಿದೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಬನಶಂಕರಿಯ ಮನೆಯಿಂದ ವೈಟ್‌ಫೀಲ್ಡಿಗೆ ಬೈಕಿನಲ್ಲಿ ಹೋಗುವ ಮಗ. ತಲುಪುವವರೆಗೂ ಅಮ್ಮನಿಗೆ ಜೀವ ಕೈಯಲ್ಲಿ. ‘ಸಿಲ್ಕ್ ಬೋರ್ಡ್ ದಾಟಿದ್ಯಾ?’ ಅಂತ ಒಂದು ಕರೆ, ‘ಮಾರತಹಳ್ಳಿ ಬಂತಾ?’ ಅಂತ ಇನ್ನೊಂದು. ಗಾಡಿ ಓಡಿಸುವಾಗ ಎತ್ತಲಾರ, ಎತ್ತದಿದ್ದರೆ ಹೆದರಿಕೆ ಇಮ್ಮಡಿ.

ಮೊದಲ ವಾರ ಏನನ್ನೂ ನಿಲ್ಲಿಸಬೇಡಿ, ಎಣಿಸಿ. ಕರೆ ಐದು, ‘ಲಾಸ್ಟ್ ಸೀನ್’ ನೋಡಿದ್ದು ಹದಿನಾಲ್ಕು ಸಲ ಅಂತ ಕ್ಯಾಲೆಂಡರ್ ಹಾಳೆಯ ಮೇಲೆ ಗೀಟು ಹಾಕಿ. ಎರಡನೇ ವಾರ, ಫೋನ್ ಕೈಗೆತ್ತಿಕೊಳ್ಳಬೇಕು ಅನ್ನಿಸಿದಾಗ ಹತ್ತು ನಿಮಿಷ ತಡೆಯಿರಿ, ಆಮೇಲೆ ಬೇಕಿದ್ದರೆ ಮಾಡಿ. ಆ ಹತ್ತು ನಿಮಿಷದಲ್ಲಿ ಹುರುಳಿಕಾಯಿ ನಾರು ತೆಗೆಯಿರಿ, ಬಟ್ಟೆ ಮಡಿಸಿ. ಮಂತ್ರ ಹೇಳಿಕೊಂಡು ಹೆದರಿಕೆಯನ್ನು ಅದುಮಬೇಡಿ, ಅದು ಇರಲಿ. ಮೂರನೇ ವಾರ ಕರೆ ಪೂರ್ತಿ ನಿಲ್ಲಿಸಿ. ತಲುಪಿದ ಮೇಲೆ ಮಗನೇ ಒಂದು ಮೆಸೇಜ್ ಹಾಕುತ್ತಾನೆ, ಅಷ್ಟೇ. ನಾಲ್ಕನೇ ವಾರದ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಅದೇ ಮುಖ್ಯ: ಐದು ದಿನಗಳಲ್ಲಿ ಎರಡು ದಿನ ಮಗ ಮೆಸೇಜ್ ಹಾಕುವುದಿಲ್ಲ. ಯಾವ ಎರಡು ದಿನ ಅಂತ ಅಮ್ಮನಿಗೆ ಮೊದಲೇ ಹೇಳುವುದೂ ಇಲ್ಲ. ಹೇಳಿಬಿಟ್ಟರೆ ಮೆಸೇಜ್ ಬಾರದಿರುವುದೂ ಒಂದು ಖಚಿತ ಸುದ್ದಿಯಾಗಿಬಿಡುತ್ತದೆ, ಅಭ್ಯಾಸವೇ ಉಳಿಯುವುದಿಲ್ಲ. ಇದನ್ನು ಅಮ್ಮ ಒಪ್ಪಿದ ಮೇಲೆ ಮಾತ್ರ ಮಾಡಬೇಕು. ಮಗ ತಾನೇ ತೀರ್ಮಾನಿಸಿ ಫೋನ್ ಆಫ್ ಮಾಡಿಕೊಂಡರೆ ಅದು ಶಿಕ್ಷೆ.

ಪ್ರತಿ ಸಲ ಹೆದರಿಕೆಗೆ 0ರಿಂದ 100ರೊಳಗೆ ಅಂಕ ಕೊಟ್ಟು ಬರೆಯಿರಿ: ಶುರುವಿನಲ್ಲಿ, ಹತ್ತು ನಿಮಿಷಕ್ಕೆ, ಅರ್ಧ ಗಂಟೆಗೆ. ಬಹುಪಾಲು ಅದು ಏರುತ್ತದೆ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಇಳಿಯದ ದಿನಗಳೂ ಇವೆ. ಆ ದಿನವೂ ಕೂಡ, 80ರ ಹೆದರಿಕೆ ಇಟ್ಟುಕೊಂಡೇ ಸಾರಿಗೆ ಒಗ್ಗರಣೆ ಹಾಕಿದ್ದು ಆಗಿದೆಯಲ್ಲ, ಅದನ್ನು ಬರೆಯಿರಿ.

ದೊಡ್ಡ ಚಿಂತೆಗೆ ಕೈಹಾಕುವ ಮುನ್ನ ಸಣ್ಣವುಗಳಲ್ಲಿ ಕೈ ಪಳಗಿಸಿಕೊಳ್ಳಬೇಕು. ದರ್ಶಿನಿಯಲ್ಲಿ ಯಾವಾಗಲೂ ತಿನ್ನುವ ಮಸಾಲೆ ದೋಸೆ ಬಿಟ್ಟು, ‘ಹೇಗಿರುತ್ತೆ?’ ಅಂತ ಯಾರನ್ನೂ ಕೇಳದೆ ಬೋರ್ಡಿನಲ್ಲಿ ಬರೆದಿರುವ ಬೇರೇನನ್ನೋ ತೆಗೆದುಕೊಳ್ಳಿ. ಆ್ಯಪ್ ತೆರೆಯದೆ ಬಸ್ ಸ್ಟಾಪಿನಲ್ಲಿ ನಿಲ್ಲಿ. ವಿಮರ್ಶೆ ಓದದೆ ಸಿನಿಮಾಗೆ ಹೋಗಿ. ಆಫೀಸಿನ ಮೇಲನ್ನು ಒಂದೇ ಸಲ ಓದಿ ಕಳಿಸಿ. ತರಕಾರಿಗೆ ಚೀಟಿ ಕೊಡದೆ ಮನೆಯವರನ್ನು ಮಾರ್ಕೆಟ್ಟಿಗೆ ಕಳಿಸಿ, ಏನು ತಂದರೂ ಅದರಲ್ಲೇ ಅಡುಗೆ ಮಾಡಿ. ದಿನಕ್ಕೊಂದು, ವಾರಕ್ಕೆ ಐದು. ಇವೆಲ್ಲ 20–30 ಅಂಕದ ಹೆದರಿಕೆಗಳು. ಅಲ್ಲಿಂದ ಶುರುಮಾಡಿ 50ಕ್ಕೆ, ಆಮೇಲೆ 70ಕ್ಕೆ ಹೋಗಬೇಕು.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ಏನು ಮಾಡಿದೆ, ಏನಾಗುತ್ತೆ ಅಂದುಕೊಂಡಿದ್ದೆ, ಏನಾಯಿತು, ಆದಾಗ ಏನು ಮಾಡಿದೆ. ನಾಲ್ಕನೆಯದನ್ನು ಖಾಲಿ ಬಿಡಬೇಡಿ. ಮೇಲ್ ಒಂದೇ ಸಲ ಓದಿ ಕಳಿಸಿದಿರಿ, ಅಟ್ಯಾಚ್‌ಮೆಂಟ್ ಮರೆತುಹೋಯಿತು, ಅಂದುಕೊಂಡ ಕೆಟ್ಟದ್ದೇ ಆಯಿತು. ‘ಕ್ಷಮಿಸಿ, ಫೈಲ್ ಇಲ್ಲಿದೆ’ ಅಂತ ಎರಡನೇ ಮೇಲ್ ಹಾಕಿದಿರಿ, ಎರಡು ನಿಮಿಷದಲ್ಲಿ ಮುಗಿಯಿತು. ಈ ಪುಟಕ್ಕೆ, ಎಲ್ಲ ಸುಸೂತ್ರವಾಗಿ ನಡೆದ ಹತ್ತು ಪುಟಗಳಿಗಿಂತ ಹೆಚ್ಚು ಬೆಲೆ ಇದೆ. ಕೆಟ್ಟದ್ದು ಆಗುವುದೇ ಇಲ್ಲ ಅಂತ ಸಾಬೀತು ಮಾಡಲು ಹೊರಟರೆ ಅದೂ ಖಚಿತತೆಯ ಬೇಟೆಯೇ ಆಗುತ್ತದೆ. ಆದಾಗ ನಿಭಾಯಿಸಿದೆ ಅನ್ನುವ ನೆನಪು ಪುಟದಿಂದ ಪುಟಕ್ಕೆ ಕೂಡುತ್ತಾ ಹೋಗಬೇಕು. ಮನಸ್ಸು ಬೆಳೆಯುವುದು ಅಂದರೆ ನಮ್ಮ ಕೆಲಸದಲ್ಲಿ ಇಷ್ಟೇ ಅರ್ಥ, ಆ ನಾಲ್ಕನೇ ಕಾಲಂ ತುಂಬುವುದು.

ಸಿಇಟಿ ಬರೆದ ಮಕ್ಕಳ ಮನೆಯವರಿಗೆ ಒಂದು ಮಾತು. ಕೆಇಎ ಸೀಟು ಹಂಚಿಕೆಯಲ್ಲಿ ‘ಚಾಯ್ಸ್ 2’ ಅಂತ ಇದೆ: ಸಿಕ್ಕ ಸೀಟು ಒಪ್ಪಿಗೆ, ಆದರೂ ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದಕ್ಕೆ ಕಾಯುತ್ತೇನೆ. ಮೇಲಿನದು ಸಿಕ್ಕಿದರೆ ಹಿಂದಿನದು ತಾನಾಗಿ ಹೋಗುತ್ತದೆ. ಲೆಕ್ಕ ಸ್ಪಷ್ಟವಾಗಿದ್ದರೂ ಈ ಆಯ್ಕೆ ಮುಂದೆ ಬಂದಾಗ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ, ಕಡೆಗೆ ‘ಕಾಯೋ ಸಂಕಟ ಬೇಡ’ ಅಂತ, ಸಿಕ್ಕ ಸೀಟೇ ಸಾಕು ಅನ್ನುವ ಚಾಯ್ಸ್ 1 ಒತ್ತಿ ಮುಗಿಸುವವರಿದ್ದಾರೆ. ಆ ಸೀಟು ನಿಜಕ್ಕೂ ಬೇಕಾಗಿದ್ದರೆ ಚಾಯ್ಸ್ 1 ಸರಿಯೇ. ಸಂಕಟ ತಪ್ಪಿಸಿಕೊಳ್ಳಲು ಒತ್ತುತ್ತಿದ್ದರೆ, ಒತ್ತುವ ಮುನ್ನ 14416ಕ್ಕೆ ಮಾತನಾಡಲು ಅದು ಒಳ್ಳೆಯ ಹೊತ್ತು. ಆಪ್ತಸಮಾಲೋಚಕರು ಯಾವ ಕಾಲೇಜು ಅಂತ ಹೇಳುವವರಲ್ಲ. ತೀರ್ಮಾನ ಮಾಡುತ್ತಿರುವುದು ನೀವೋ ನಿಮ್ಮ ಸಂಕಟವೋ ಅನ್ನುವುದನ್ನು ಬೇರ್ಪಡಿಸಿ ನೋಡಲು ನೆರವಾಗುತ್ತಾರೆ.

ರಾತ್ರಿ ಹೊತ್ತು ಚಿಂತೆ ಮುತ್ತುವವರಿಗೆ ‘ಚಿಂತೆಗೊಂದು ಹೊತ್ತು’ ಅನ್ನುವ ವಿಧಾನ ಇದೆ. ಅಮೆರಿಕದ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ್ದು, ಅವರದು ಅರ್ಧ ಗಂಟೆಯದು. ಶುರುವಿಗೆ 20 ನಿಮಿಷ ಸಾಕು. ಸಂಜೆ ಆರೂವರೆಗೆ ಅಂತ ಇಟ್ಟುಕೊಳ್ಳಿ, ದಿನಾ ಒಂದೇ ಕುರ್ಚಿ. ಹಾಸಿಗೆ ಬೇಡ, ದೇವರ ಮನೆ ಬೇಡ. ಹಗಲು ಚಿಂತೆ ಬಂದರೆ ಒಂದು ಸಾಲು ಬರೆದಿಟ್ಟು ‘ಆರೂವರೆಗೆ’ ಅನ್ನಿ. ಆ ಹೊತ್ತಿಗೆ ಕೂತು ಬರೆದದ್ದನ್ನೆಲ್ಲ ಚಿಂತಿಸಿ, ಗಡಿಯಾರ ಆಯಿತು ಅಂದಾಗ ಎದ್ದುಬಿಡಿ. ಹಗಲಿಡೀ ಮುಂದೂಡಿ ಆರೂವರೆಗೆ ಕೂರದೇ ಹೋದರೆ ವಿಧಾನ ಎರಡೇ ದಿನಕ್ಕೆ ಕೆಡುತ್ತದೆ. ಮನಸ್ಸು ಆ ಮಾತನ್ನು ಮತ್ತೆ ನಂಬುವುದಿಲ್ಲ.

ಕೆಡುವ ಬೇರೆ ಜಾಗಗಳೂ ಇವೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಗುಟ್ಟಿನ ಭದ್ರತೆ: ಮ್ಯಾಪ್ ನೋಡದೆ ಹೊರಡುತ್ತೇನೆ ಅಂದವರು ಹೊರಡುವ ಮುನ್ನ ಮನೆಯಲ್ಲೇ ನೋಡಿ ಬಾಯಿಪಾಠ ಮಾಡಿರುತ್ತಾರೆ. ಕರೆ ಮಾಡಲ್ಲ ಅಂದ ಅಮ್ಮ, ಮಗನ ಸ್ನೇಹಿತನಿಗೆ ಮೆಸೇಜ್ ಹಾಕಿರುತ್ತಾರೆ. ಬೈದು ಪ್ರಯೋಜನ ಇಲ್ಲ, ಅದನ್ನೂ ಗೀಟು ಹಾಕಿ ಎಣಿಸಬೇಕು. ಇನ್ನೊಂದು, ಮೊದಲ ದಿನವೇ 90 ಅಂಕದ್ದಕ್ಕೆ ಕೈಹಾಕಿ, ತಾಳಲಾರದೆ ನಡುವೆ ಬಿಟ್ಟು, ‘ನನ್ನ ಕೈಲಿ ಆಗಲ್ಲ’ ಅಂತ ತೀರ್ಮಾನಿಸುವುದು. ನೋಟ್‌ಬುಕ್ಕನ್ನೇ ಚಟ ಮಾಡಿಕೊಂಡು, ‘ನಾನು ಸರಿಯಾಗಿ ಬರೀತಿದ್ದೀನಾ?’ ಅಂತ ಕೇಳಲು 14416ಕ್ಕೆ ಕರೆ ಮಾಡುವವರೂ ಇರುತ್ತಾರೆ. ಅಂಥವರು ಒಂದು ವಾರ ಬೇಕೆಂದೇ ವಕ್ರವಕ್ರವಾಗಿ, ಒಂದೆರಡು ಕಾಲಂ ಬಿಟ್ಟು ಬರೆಯಲಿ.

ಯಾವುದರಲ್ಲಿ ಈ ಅಭ್ಯಾಸ ಕೂಡದು ಅನ್ನುವುದೂ ಅಷ್ಟೇ ಮುಖ್ಯ. ಮಲಗುವ ಮುನ್ನ ಒಂದು ಸಲ ಗ್ಯಾಸ್ ರೆಗ್ಯುಲೇಟರ್ ನೋಡುವುದು, ಇನ್ಸುಲಿನ್ ಪ್ರಮಾಣ ನೋಡುವುದು, ಹೆಲ್ಮೆಟ್ ಪಟ್ಟಿ ಬಿಗಿಯುವುದು ಜವಾಬ್ದಾರಿ. ಅದನ್ನು ಬಿಟ್ಟು ‘ಅನಿಶ್ಚಿತತೆ ಕಲೀತಿದ್ದೀನಿ’ ಅನ್ನಬೇಡಿ. ಎದೆನೋವು, ಎದೆಯಲ್ಲಿ ಹೊಸ ಗಂಟು, ಮನೆಯಲ್ಲಿ ಹೊಡೆತ ಬಡಿತ, ಓಟಿಪಿ ಕೇಳಿದ ಫೋನ್ ಇವು ಕಾದು ನೋಡುವ ವಿಷಯಗಳಲ್ಲ. ವೈದ್ಯರು ಆರು ತಿಂಗಳ ನಂತರ ಬನ್ನಿ ಅಂದಿದ್ದಾರೆ, ನಡುವೆ ನಾಲ್ಕು ಬೇರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕು ಅನ್ನಿಸುತ್ತದೆ, ಅಭ್ಯಾಸ ಬೇಕಿರುವುದು ಅಲ್ಲಿ.

ಸೇವೆಯ ಮಿತಿಗಳಿಗೆ ಬರೋಣ. ಇದು ಫೋನ್ ಸಹಾಯವಾಣಿ. ವಾರವಾರ ಅದೇ ಚಿಕಿತ್ಸಕರ ಎದುರು ಕೂತು ಮೂರು ನಾಲ್ಕು ತಿಂಗಳು ನಡೆಸುವ ಚಿಕಿತ್ಸೆಯ ಜಾಗವನ್ನು ಇದು ತುಂಬುವುದಿಲ್ಲ, ತುಂಬಬೇಕೆಂದು ಕಟ್ಟಿದ್ದೂ ಅಲ್ಲ. ಮೊದಲ ಹಂತದ ಆಪ್ತಸಮಾಲೋಚಕರು ಮಾತ್ರೆ ಬರೆದುಕೊಡುವವರಲ್ಲ. ಆರು ವಾರ ಮೇಲಿನಂತೆ ಮಾಡಿದ ಮೇಲೂ ಗೀಟುಗಳು ಕಡಿಮೆಯಾಗದಿದ್ದರೆ, ಕೈ ತೊಳೆಯುವುದು ಅಥವಾ ಬೀಗ ಎಳೆದು ನೋಡುವುದು ದಿನಕ್ಕೆ ಒಂದು ಗಂಟೆ ಮೀರಿದರೆ, ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ನೇರ ಭೇಟಿ ಬೇಕು. ಇದನ್ನೇ 14416ರಲ್ಲಿ ಹೇಳಿ, ಎಲ್ಲಿಗೆ ಹೋಗಬೇಕು ಅಂತ ಕೇಳಿ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಹೊರರೋಗಿ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಕ್ಲಿನಿಕ್ ನಡೆಯುತ್ತದೆ. ಖಾಸಗಿಯಾಗಿ ಕ್ಲಿನಿಕಲ್ ಸೈಕಾಲಜಿಸ್ಟರ ಬಳಿ ಹೋಗುವುದಾದರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ಮೊದಲ ಭೇಟಿಯಲ್ಲೇ ‘ನೂರಕ್ಕೆ ನೂರು ಗುಣ’ ಅನ್ನುವವರಿಂದ ಎದ್ದು ಬನ್ನಿ.

ವಿಡಿಯೋ ಮೂಲಕ ಮಾತನಾಡುವ ಸೌಲಭ್ಯ ಮತ್ತು ಟೆಲಿ ಮಾನಸ್ ಆ್ಯಪ್ 2024ರ ಅಕ್ಟೋಬರ್ 10ರಂದು ಬಂದವು. ವಿಡಿಯೋ ಮೊದಲು ಶುರುವಾದ ಮೂರು ಕಡೆಗಳಲ್ಲಿ ಕರ್ನಾಟಕವೂ ಒಂದು. ವಯಸ್ಸಾದವರಿಗೆ, ಆ್ಯಪ್ ಇಳಿಸಿಕೊಳ್ಳಲು ಬಾರದವರಿಗೆ ಸಾದಾ ಕರೆಯೇ ಮೇಲು. ಸಾಯುವ ಯೋಚನೆ ಇದ್ದಾಗ ಮಾತ್ರ ಹಾಳೆ, ತಯಾರಿ, ವಾರದ ಬಿಡುವು ಯಾವುದನ್ನೂ ನೋಡಬೇಡಿ. ಯಾವ ಹೊತ್ತಾದರೂ ಎಷ್ಟು ಸಲವಾದರೂ 14416 ಒತ್ತಿ, ಜೀವಕ್ಕೆ ಆ ಕ್ಷಣದ ಅಪಾಯ ಇದ್ದರೆ 112 ಅಥವಾ 108.

ಮನೆಯವರಿಗೂ ಕೆಲಸ ಇದೆ. ವಾರಕ್ಕೊಂದು ಕರೆ ಅರ್ಧ ಗಂಟೆ. ಉಳಿದ ಹೊತ್ತೆಲ್ಲ ‘ಏನಾಗುತ್ತೋ ಏನೋ’ ಅಂತ ಕೇಳಿಸಿಕೊಳ್ಳುವವರು ಅವರೇ. ‘ಏನೂ ಆಗಲ್ಲ ಬಿಡೇ’ ಅನ್ನುವುದು ಪ್ರೀತಿಯಿಂದ ಬರುವ ಮಾತಾದರೂ ಚಟಕ್ಕೆ ಹಾಕುವ ಮೇವು. ‘ಎಷ್ಟು ಸಲ ಕೇಳ್ತೀಯ’ ಅಂತ ರೇಗುವುದು ಅದಕ್ಕಿಂತ ಕೆಟ್ಟದ್ದು. ಮನಸ್ಸು ಶಾಂತವಾಗಿರುವ ಒಂದು ಭಾನುವಾರ ಕೂತು, ಕೇಳುವವರೂ ಹೇಳುವವರೂ ಸೇರಿ ಒಂದು ವಾಕ್ಯ ಒಪ್ಪಿಕೊಳ್ಳಿ. ಆಮೇಲೆ ಪ್ರಶ್ನೆ ಎಷ್ಟು ಸಲ ಬಂದರೂ ಉತ್ತರ ಅದೊಂದೇ: ‘ನಂಗೂ ಗೊತ್ತಿಲ್ಲ ಕಣೇ, ಇಪ್ಪತ್ತೆಂಟಕ್ಕೆ ಗೊತ್ತಾಗುತ್ತೆ. ಬಾ, ಅನ್ನ ಆರ್ತಾ ಇದೆ.’